ಭಾಮೈದ ತಂದ ಫೋನಿನ ಲೆಕ್ಕ

ಹೋದ ದೀಪಾವಳಿಗೆ, ಅಂದರೆ 2025ರಲ್ಲಿ, ನನ್ನ ಭಾಮೈದ ನ್ಯೂಜೆರ್ಸಿಯಿಂದ ಬಂದಿದ್ದ. ಅವನು ಟಿಕೆಟ್ ಮಾಡಿಸಿದ್ದಾನೆ ಅನ್ನೋ ಸುದ್ದಿ ನಮ್ಮ ಕಿವಿಗೆ ಬೀಳುವ ಮೊದಲೇ ಅವನ ವಾಟ್ಸಾಪ್‌ಗೆ ಪಟ್ಟಿ ಹೋಗಿರುತ್ತದೆ. ಈ ಸಲ ಪಟ್ಟಿಯ ತಲೆಯ ಮೇಲೆ ಕೂತಿದ್ದವನು ನನ್ನ ಚಿಕ್ಕಪ್ಪನ ಮಗ. ಅವನಿಗೆ ಐಫೋನ್ 17 ಪ್ರೊ ಬೇಕಿತ್ತು. "ಅಣ್ಣಾ, ಅಲ್ಲಿ ಮೂವತ್ತು ಸಾವಿರ ಕಡಿಮೆ. ಭಾಮೈದಂಗೆ ನೀನೇ ಒಂದು ಮಾತು ಹೇಳು" ಅಂತ ದಸರಾದಿಂದಲೇ ಶುರು ಮಾಡಿದ್ದ.

ಫೋನ್ ಬಂತು. ಪೂಜೆ ಮುಗಿದ ಮೇಲೆ ಎಲ್ಲರೂ ಸುತ್ತ ಕೂತು ಡಬ್ಬಿ ಬಿಚ್ಚಿದೆವು. ನನಗೆ ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದುವ ಕೆಟ್ಟ ಅಭ್ಯಾಸ. ಅಲ್ಲಿ ಬರೆದಿತ್ತು: ಜೋಡಿಸಿದ್ದು ಭಾರತದಲ್ಲಿ.

ಎಲ್ಲಿ ಅಂತ ಬರೆದಿರಲಿಲ್ಲ. ಐಫೋನ್ ಜೋಡಿಸುವ ಕಾರ್ಖಾನೆಗಳಿರುವ ಹೊಸೂರೋ, ಶ್ರೀಪೆರಂಬದೂರೋ, ನಮ್ಮ ಕೋಲಾರದ ನರಸಾಪುರವೋ. ಎಲ್ಲಿಯದೇ ಆಗಲಿ, ನಮ್ಮ ಮನೆಯಿಂದ ಬಸ್ಸು ಹತ್ತಿದರೆ ಅದೇ ದಿನ ಹೋಗಿ ಬರಬಹುದಾದ ಊರು. ಅಲ್ಲಿಂದ ಹೊರಟ ಫೋನು ಸಮುದ್ರ ದಾಟಿ, ನ್ಯೂಜೆರ್ಸಿಯ ಅಂಗಡಿಯಲ್ಲಿ ಕೂತು, ಭಾಮೈದನ ಸೂಟ್‌ಕೇಸ್‌ನಲ್ಲಿ ಚಾಕಲೇಟು, ಬಾದಾಮಿ ಪೊಟ್ಟಣಗಳ ಮಧ್ಯೆ ಮಲಗಿ ವಾಪಸ್ ಬಂದಿದೆ. ಇಷ್ಟೆಲ್ಲ ತಿರುಗಾಡಿ ಬಂದಿದ್ದು ಇಲ್ಲೇ ಇದ್ದಿದ್ದಕ್ಕಿಂತ ಮೂವತ್ತು ಸಾವಿರ ಕಡಿಮೆ!

"ಇದೇನೋ ಹೀಗೆ?" ಅಂದೆ. "ಟ್ಯಾಕ್ಸ್ ಭಾವ, ಎಲ್ಲಾ ಟ್ಯಾಕ್ಸ್" ಅಂದ ಭಾಮೈದ. ನಾವೆಲ್ಲ ಹೇಳೋದೂ ಅದನ್ನೇ. ಆವತ್ತು ರಾತ್ರಿ ನಿದ್ದೆ ಬರಲಿಲ್ಲ, ಸುಮ್ನೆ ಪೇಪರ್ ತಗೊಂಡು ಕೂತೆ.

ಆಗ ಅಮೆರಿಕದಲ್ಲಿ ಆ ಫೋನಿನ ಬೆಲೆ 1,099 ಡಾಲರ್. ಇಲ್ಲಿ ₹1,34,900. ಡಾಲರ್‌ಗೆ ₹88 ಹಿಡಿದರೆ ಅಲ್ಲಿಯದು ₹96,700 ಚಿಲ್ಲರೆ. ಆದರೆ ಎರಡನ್ನೂ ಹೀಗೆ ಪಕ್ಕಪಕ್ಕ ಇಡುವುದೇ ತಪ್ಪು. ನಮ್ಮಲ್ಲಿ ಬರೆದ ಬೆಲೆಯ ಒಳಗೇ ಜಿಎಸ್‌ಟಿ ಇರುತ್ತದೆ. ಅಲ್ಲಿ ಬರೆದ ಬೆಲೆ ತೆರಿಗೆ ಸೇರದ ಬೆಲೆ, ಬಿಲ್ ಮಾಡುವಾಗ ಸೇಲ್ಸ್ ಟ್ಯಾಕ್ಸ್ ಸೇರಿಸುತ್ತಾರೆ. ನ್ಯೂಜೆರ್ಸಿಯಲ್ಲಿ ಅದು ಶೇ 6.625. ಪಕ್ಕದ ಡೆಲಾವೇರ್‌ನಲ್ಲಿ ಸೇಲ್ಸ್ ಟ್ಯಾಕ್ಸೇ ಇಲ್ಲ, ಆದರೆ ಚಿಕ್ಕಪ್ಪನ ಮಗನ ಫೋನಿಗಾಗಿ ಅಲ್ಲಿವರೆಗೆ ಕಾರು ಓಡಿಸುವಷ್ಟು ಪುಣ್ಯಾತ್ಮನಲ್ಲ ನನ್ನ ಭಾಮೈದ. ಅವನು ಕೊಟ್ಟಿದ್ದು ಹತ್ತಿರ ಹತ್ತಿರ 1,172 ಡಾಲರ್, ಅಂದರೆ ₹1,03,000. ವ್ಯತ್ಯಾಸ ಸುಮಾರು ₹31,800.

ಈಗ ನಮ್ಮ ಬೆಲೆಯಿಂದ ಶೇ 18 ಜಿಎಸ್‌ಟಿ ತೆಗೆಯೋಣ. ₹1,34,900ರಲ್ಲಿ ಜಿಎಸ್‌ಟಿಯೇ ₹20,500ಕ್ಕೂ ಜಾಸ್ತಿ. ಉಳಿಯೋದು ₹1,14,300. ತೆರಿಗೆ ಇಲ್ಲದ ಅಮೆರಿಕದ ಬೆಲೆ ₹96,700. ಮಧ್ಯದ ಈ ₹17,600 ಏನು? ಆಮದು ಸುಂಕ ಅನ್ನೋಣ ಅಂದರೆ ಫೋನು ಆಮದಾಗಿಯೇ ಇಲ್ಲ. ಇಲ್ಲೇ ಜೋಡಿಸಿದ್ದು!

ನನ್ನ ಲೆಕ್ಕ ತಪ್ಪಿರಬೇಕು ಅಂತ ಪ್ರೊ ಅಲ್ಲದ ಸಾದಾ ಐಫೋನ್ 17 ತಗೊಂಡು ನೋಡಿದೆ. ಅಮೆರಿಕದಲ್ಲಿ 799 ಡಾಲರ್, ಅಂದರೆ ₹70,300. ಇಲ್ಲಿ ₹82,900. ಜಿಎಸ್‌ಟಿ ತೆಗೆದರೆ ₹70,250. ನೂರು ರೂಪಾಯಿಯೂ ಹೆಚ್ಚು ಕಡಿಮೆ ಇಲ್ಲ. ಹಿಂದಿನ ವರ್ಷದ 16 ನೋಡಿ: ಅದೇ 799 ಡಾಲರ್, ಆಗಿನ ₹84ರ ಲೆಕ್ಕದಲ್ಲಿ ₹67,100. ಇಲ್ಲಿ ₹79,900, ಜಿಎಸ್‌ಟಿ ತೆಗೆದರೆ ₹67,700. ಅಂದರೆ ಸಾದಾ ಫೋನಿನಲ್ಲಿ ನಮಗೂ ಅಮೆರಿಕಕ್ಕೂ ಇರುವ ಅಂತರ ಹೆಚ್ಚುಕಡಿಮೆ ಜಿಎಸ್‌ಟಿ ಮಾತ್ರ. ಪ್ರೊ ಅಂತ ಹೆಸರು ಬಂದ ಕೂಡಲೇ ಹದಿನೇಳು ಸಾವಿರ ಎಲ್ಲಿಂದಲೋ ಬಂದು ಕೂರುತ್ತದೆ. 16 ಪ್ರೊ ಲೆಕ್ಕ ಹಾಕಿದರೂ ಅಷ್ಟೇ ಬಂತು, ₹17,700.

ಆಮದು ಸುಂಕದ ಕತೆ ಇಲ್ಲಿ ಸ್ವಲ್ಪ ಹೇಳಬೇಕು. 2017ರ ಜುಲೈನಲ್ಲಿ ಹೊರಗಿಂದ ಬರುವ ಮೊಬೈಲ್ ಮೇಲೆ ಶೇ 10 ಕಸ್ಟಮ್ಸ್ ಹಾಕಿದರು. ಅದೇ ಡಿಸೆಂಬರ್‌ಗೆ 15 ಆಯಿತು, 2018ರ ಬಜೆಟ್‌ಗೆ 20. ಅದರ ಮೇಲೆ ಸುಂಕದ ಹತ್ತನೇ ಒಂದು ಭಾಗ ಸಮಾಜ ಕಲ್ಯಾಣ ಸರ್ಚಾರ್ಜ್. 2024ರ ಜುಲೈವರೆಗೆ ಒಟ್ಟು 22, ಆಮೇಲೆ ಸುಂಕ 15ಕ್ಕೆ ಇಳಿದು ಒಟ್ಟು 16.5. ಇದೆಲ್ಲ ಸೇರಿದ ಮೊತ್ತದ ಮೇಲೆ ಜಿಎಸ್‌ಟಿ. ಅಂದರೆ ತೆರಿಗೆಗೂ ತೆರಿಗೆ. ಜಿಎಸ್‌ಟಿ ಕೂಡ ಮೊದಲು 12 ಇದ್ದದ್ದು 2020ರ ಏಪ್ರಿಲ್‌ನಲ್ಲಿ, ಎಲ್ಲರೂ ಲಾಕ್‌ಡೌನ್‌ನಲ್ಲಿ ಮನೆಯೊಳಗಿದ್ದಾಗ, 18 ಆಯಿತು. 2025ರ ಸೆಪ್ಟೆಂಬರ್‌ನಲ್ಲಿ ದೊಡ್ಡ ಟಿವಿ, ಎಸಿಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಾಗ ಫೋನಿನದು ಅಲ್ಲೇ ನಿಂತಿತು.

ಸುಂಕ ಹಾಕಿದ ಉದ್ದೇಶ ಇಲ್ಲೇ ತಯಾರಾಗಲಿ ಅನ್ನೋದು. ಅದು ಕೆಲಸ ಮಾಡಿಲ್ಲ ಅಂತ ಹೇಳಿದರೆ ಸುಳ್ಳು. ಈ ದೇಶದಲ್ಲಿ ಮೊದಲ ಐಫೋನ್ ಜೋಡಿಸಿದ್ದು 2017ರಲ್ಲಿ, ನಮ್ಮ ಪೀಣ್ಯದಲ್ಲಿ. ಈಗ ನರಸಾಪುರದಲ್ಲಿ ಟಾಟಾದವರು ಮಾಡುತ್ತಿದ್ದಾರೆ, ದೇವನಹಳ್ಳಿ ಕಡೆ ಫಾಕ್ಸ್‌ಕಾನ್ ಬಂದಿದೆ. ಬೆಳಗಿನ ಜಾವ ಕೋಲಾರದ ಹೆದ್ದಾರಿಯಲ್ಲಿ ಹೋದರೆ ಹುಡುಗಿಯರನ್ನು ಕರೆದುಕೊಂಡು ಹೋಗುವ ಬಸ್ಸುಗಳ ಸಾಲು ಕಾಣುತ್ತದೆ. ಮಾವನ ಊರಿನ ಕಡೆಯ ಎಷ್ಟೋ ಮನೆಗಳಲ್ಲಿ ತಿಂಗಳ ಸಂಬಳ ಅಂತ ಮೊದಲು ತಂದಿದ್ದು ಆ ಮಕ್ಕಳೇ. ಅದನ್ನು ನಾನು ಕಡಿಮೆ ಅಂತ ತಿಳಿಯೋದಿಲ್ಲ.

ನನ್ನ ತಕರಾರು ಬೇರೆ. ಸುಂಕ ಅನ್ನೋದು ಬೇಲಿ. ಹೊರಗಿಂದ ಬರುವ ಫೋನಿಗೆ ನೂರಕ್ಕೆ ಹದಿನಾರು ಇಪ್ಪತ್ತು ರೂಪಾಯಿ ಜಾಸ್ತಿ ಬೀಳುತ್ತದೆ ಅಂತ ಗೊತ್ತಿದ್ದರೆ, ಒಳಗೆ ಮಾಡುವವನು ನೂರಕ್ಕೇ ಯಾಕೆ ಮಾರಬೇಕು? ನೂರಾ ಹದಿನೈದಕ್ಕೆ ಮಾರಿದರೂ ಅವನದೇ ಕಡಿಮೆ. ಆ ಹದಿನೈದು ಸರ್ಕಾರದ ಬೊಕ್ಕಸಕ್ಕೂ ಹೋಗಲಿಲ್ಲ, ಕೊಂಡವನ ಜೇಬಿನಲ್ಲೂ ಉಳಿಯಲಿಲ್ಲ. ನಾವು ಮಾತ್ರ "ಟ್ಯಾಕ್ಸ್, ಎಲ್ಲಾ ಟ್ಯಾಕ್ಸ್" ಅಂತ ಹೇಳಿಕೊಂಡು ಕಾರ್ಡ್ ಉಜ್ಜುತ್ತೇವೆ. ಸಾದಾ ಫೋನಿಗೆ ಸ್ಯಾಮ್‌ಸಂಗ್, ಒನ್‌ಪ್ಲಸ್ ಎಲ್ಲ ಪೈಪೋಟಿಗೆ ನಿಂತಿವೆ, ಅಲ್ಲಿ ಆಟ ನಡೆಯೋದಿಲ್ಲ. ಪ್ರೊ ಬೇಕು ಅನ್ನುವವನು ಹೇಗೂ ಕೊಡುತ್ತಾನೆ, ಅದೂ ಇಎಂಐನಲ್ಲಿ. ಆ ಹದಿನೇಳು ಸಾವಿರವನ್ನು ನಾನು ಓದಿಕೊಂಡಿದ್ದು ಹೀಗೆ. ಒಳಗಿನ ಲೆಕ್ಕ ಕಂಪನಿಗೇ ಗೊತ್ತು.

ಬೇಲಿಯೇ ಇಲ್ಲದಿದ್ದರೆ ಏನಾಗುತ್ತದೆ ಅಂತ ನೋಡಲು ದೂರ ಹೋಗಬೇಕಿಲ್ಲ, ಲ್ಯಾಪ್‌ಟಾಪ್ ನೋಡಿದರೆ ಸಾಕು. 1996ರಲ್ಲಿ ಸಿಂಗಪುರದಲ್ಲಿ ಮಾಹಿತಿ ತಂತ್ರಜ್ಞಾನ ಒಪ್ಪಂದ ಅಂತ ಒಂದು ಆಯಿತು. ಮರುವರ್ಷ ಭಾರತವೂ ಸೇರಿತು. ಅದರಿಂದಾಗಿ ಲ್ಯಾಪ್‌ಟಾಪ್ ಮೇಲೆ ಕಸ್ಟಮ್ಸ್ ಸೊನ್ನೆ. 2023ರ ಆಗಸ್ಟ್‌ನಲ್ಲಿ ಸರ್ಕಾರ ಆಮದಿಗೆ ಲೈಸೆನ್ಸ್ ಬೇಕು ಅಂತ ಹೊರಟು, ಗಲಾಟೆಯಾಗಿ, ಹಿಂದೆ ಸರಿದದ್ದು ನಿಮಗೆ ನೆನಪಿರಬಹುದು. ಸುಂಕ ಹಾಕಲು ಕೈ ಕಟ್ಟಿರುವುದರಿಂದ ಹಿಂಬಾಗಿಲ ದಾರಿ ಹುಡುಕಿದರು ಅಂತಲೇ ನನಗೆ ಅನಿಸಿದ್ದು. ಇನ್ನು ಬೆಲೆ ನೋಡಿ. ಐಫೋನ್ ಮಾಡುವ ಆಪಲ್‌ನದೇ ಲ್ಯಾಪ್‌ಟಾಪ್, 2025ರಲ್ಲಿ ಬಂದ ಎಂ4 ಮ್ಯಾಕ್‌ಬುಕ್ ಏರ್, ಆಗ ಅಮೆರಿಕದಲ್ಲಿ 999 ಡಾಲರ್ ಇತ್ತು, ಇಲ್ಲಿ ₹99,900. ಜಿಎಸ್‌ಟಿ ತೆಗೆದರೆ ₹84,700 ಆಗುತ್ತದೆ, ಆಗಿನ ₹87ರ ಲೆಕ್ಕದಲ್ಲಿ ಅಮೆರಿಕಕ್ಕಿಂತ ಎರಡು ಸಾವಿರ ಕಡಿಮೆ! ಒಂದೇ ಕಂಪನಿ, ಒಂದೇ ಸೇಬು. ಒಂದಕ್ಕೆ ಬೇಲಿ ಇದೆ, ಇನ್ನೊಂದಕ್ಕೆ ಇಲ್ಲ.

ಈ ಬೇಲಿ ಹಾರುವ ಆಟ ನಮಗೆ ಹೊಸದೂ ಅಲ್ಲ. ನನ್ನ ಚಿಕ್ಕಂದಿನಲ್ಲಿ ಗಲ್ಫ್‌ನಿಂದ ಬಂದವರ ಮನೆಯ ಟು-ಇನ್-ಒನ್ (ರೇಡಿಯೋ, ಕ್ಯಾಸೆಟ್ ಎರಡೂ ಇದ್ದ ಪೆಟ್ಟಿಗೆ) ನೋಡಲು ಬೀದಿಯೇ ಸೇರುತ್ತಿತ್ತು. ಆಮೇಲೆ ಟಿವಿ ಕಾಲ ಬಂತು. ದುಬೈ, ಬ್ಯಾಂಕಾಕ್ ವಿಮಾನಗಳ ಬೆಲ್ಟ್ ಮೇಲೆ ಬಟ್ಟೆ ಸುತ್ತಿದ ಟಿವಿ ಡಬ್ಬಿಗಳೇ ಬರುತ್ತಿದ್ದವು. 2013ರ ಆಗಸ್ಟ್‌ನಲ್ಲಿ ರೂಪಾಯಿ ನೆಲ ಕಚ್ಚಿದಾಗ, 26ನೇ ತಾರೀಕಿನಿಂದ ಫ್ಲಾಟ್ ಟಿವಿಗೆ ಸುಂಕದ ವಿನಾಯಿತಿ ಇಲ್ಲ ಅಂತ ಆಯಿತು, ಶೇ 36.05 ಕಟ್ಟಬೇಕು. ನನ್ನ ಸಹೋದ್ಯೋಗಿಯೊಬ್ಬರು 27ಕ್ಕೆ ಬಂದಿಳಿದಿದ್ದರು. ಪಾಪ, ಇವತ್ತಿಗೂ ಆ ಟಿವಿ ಬಗ್ಗೆ ಅವರ ಮುಂದೆ ಯಾರೂ ಮಾತಾಡೋದಿಲ್ಲ.

ಬೇರೆಯವರೂ ಇದೇ ಆಟ ಆಡುತ್ತಾರೆ. ಟರ್ಕಿಯಲ್ಲಿ ಹೊರಗಿಂದ ತಂದ ಫೋನನ್ನು ಭಾರಿ ಶುಲ್ಕ ಕಟ್ಟಿ ನೋಂದಾಯಿಸದಿದ್ದರೆ ಕೆಲವು ತಿಂಗಳಲ್ಲಿ ನೆಟ್‌ವರ್ಕೇ ನಿಂತುಹೋಗುತ್ತದೆ. ಅರ್ಜೆಂಟೀನಾದವರು ತಮ್ಮ ತುತ್ತತುದಿಯ ದ್ವೀಪ ತಿಯೆರಾ ದೆಲ್ ಫ್ಯೂಗೊದಲ್ಲಿ ಫೋನ್ ಜೋಡಿಸಿ, ಸುಂಕದಿಂದ ಅದನ್ನು ವರ್ಷಗಟ್ಟಲೆ ಕಾಪಾಡಿದರು. ಅಲ್ಲಿನ ಜನ ಬೆಟ್ಟ ದಾಟಿ ಚಿಲಿಗೆ ಹೋಗಿ ಫೋನ್ ತಂದರು. ಕೊನೆಗೆ 2025ರ ಮೇನಲ್ಲಿ ಅಲ್ಲಿನ ಸರ್ಕಾರವೇ ಸುಂಕವನ್ನು 16ರಿಂದ 8ಕ್ಕೆ, ಆಮೇಲೆ ಸೊನ್ನೆಗೆ ಇಳಿಸುವುದಾಗಿ ಹೇಳಿತು.

ಕೊರಿಯರ್‌ನಲ್ಲಿ ತರಿಸಿದರಾಯಿತು ಅಂತ ಯಾರಾದರೂ ಹೇಳಿದರೆ ನಾನು ನಕ್ಕುಬಿಡುತ್ತೇನೆ. 2022ರಲ್ಲಿ ಮಗಳ ಸಂಗೀತದ ರೆಕಾರ್ಡಿಂಗ್‌ಗೆ ಅಂತ ಅಮೆರಿಕದಿಂದ ₹9,000ದ ಮೈಕ್ ತರಿಸಿದೆ. ಬಾಗಿಲಿಗೆ ಬಂದ ಹುಡುಗ ಇನ್ನೂ ಏಳು ಸಾವಿರ ಕೇಳಿದ. ಮೋಸ ಅಂತ ಜಗಳಕ್ಕೆ ನಿಂತೆ. ಆಮೇಲೆ ಬಿಲ್ ಓದಿದೆ. ಸ್ವಂತ ಬಳಕೆಗೆ ತರಿಸಿದ ವಸ್ತು ಅಂತ ಶೇ 35 ಸುಂಕ, ಅದರ ಹತ್ತನೇ ಒಂದು ಭಾಗ 3.5, ಒಟ್ಟಾದದ್ದರ ಮೇಲೆ 28 ಜಿಎಸ್‌ಟಿ. ಕೂಡಿದರೆ 77.28! ಹುಡುಗನಿಗೆ ನೀರು ಕೊಟ್ಟು, ಸಾರಿ ಹೇಳಿ, ದುಡ್ಡು ಕೊಟ್ಟೆ. ಆ ಸುಂಕವನ್ನು ಆಮೇಲೆ ಬಜೆಟ್‌ನಲ್ಲಿ ಇಳಿಸಿದ್ದಾರೆ, ನನಗೇನೂ ವಾಪಸ್ ಬರಲಿಲ್ಲ.

ಈಗ ಮುಜುಗರದ ಭಾಗ. ಭಾಮೈದ ಬಂದಾಗ ಇದ್ದ ಬ್ಯಾಗೇಜ್ ನಿಯಮದಲ್ಲಿ ಒಬ್ಬ ಪ್ರಯಾಣಿಕ ₹50,000ದವರೆಗಿನ ಸಾಮಾನು ಸುಂಕವಿಲ್ಲದೆ ತರಬಹುದಿತ್ತು. ಅದರ ಮೇಲಿನದಕ್ಕೆ ಶೇ 38.5. ಅವನು ತಂದ ಫೋನು ಡಬ್ಬಿ ಬಿಚ್ಚದ ಹೊಸ ಫೋನು, ₹1,03,000. ಐವತ್ತು ಕಳೆದರೆ ಉಳಿದ ಐವತ್ಮೂರು ಸಾವಿರಕ್ಕೆ ಸುಂಕ ₹20,400. ಉಳಿತಾಯ ಅಂದುಕೊಂಡಿದ್ದು ₹31,800. ಅಂದರೆ ವಿಮಾನ ನಿಲ್ದಾಣದಲ್ಲಿ ಸುಂಕ ಕಟ್ಟುವವರಿಗೆ ಅಂತಲೇ ಇರುವ ಕೆಂಪು ಬಾಗಿಲಿಗೆ ಹೋಗಿ ನಿಯಮದಂತೆ ಕಟ್ಟಿದ್ದರೆ ಉಳಿಯುತ್ತಿದ್ದದ್ದು ಹನ್ನೊಂದು ಸಾವಿರ ಚಿಲ್ಲರೆ. ಇಲ್ಲಿ ಕಾರ್ಡಿನ ಮೇಲೆ ಸಿಗುವ ಕ್ಯಾಶ್‌ಬ್ಯಾಕ್, ಹಳೆ ಫೋನಿನ ಎಕ್ಸ್‌ಚೇಂಜ್ ಎಲ್ಲ ಹಿಡಿದರೆ ಅದೂ ಕರಗುತ್ತದೆ. ನಮ್ಮ ಭಾಮೈದ ಯಾವ ಬಾಗಿಲಲ್ಲಿ ಬಂದ ಅಂತ ನಾನು ಕೇಳಲಿಲ್ಲ. ಅವನೂ ಹೇಳಲಿಲ್ಲ. ಮನೆಯಲ್ಲಿ ಹಬ್ಬ ಇತ್ತು.

ಅಷ್ಟಾದರೂ ಚಿಕ್ಕಪ್ಪನ ಮಗ ಸುಖವಾಗಿದ್ದಾನಾ? ಡಬ್ಬಿ ಬಿಚ್ಚಿದವನು ಪಿನ್ ಹಿಡಿದುಕೊಂಡು ಫೋನಿನ ನಾಲ್ಕೂ ಬದಿ ತಡಕಿದ. ಸಿಮ್ ಹಾಕುವ ಜಾಗ ಎಲ್ಲೂ ಇಲ್ಲ. ಅಮೆರಿಕದ ಐಫೋನ್‌ಗಳಲ್ಲಿ 14ರಿಂದಲೇ ಸಿಮ್ ಟ್ರೇ ತೆಗೆದುಬಿಟ್ಟಿದ್ದಾರೆ, ಇ-ಸಿಮ್ ಮಾತ್ರ, ಅಂದರೆ ಕೈಯಲ್ಲಿ ಹಾಕಿ ತೆಗೆಯದೆ ಫೋನಿನೊಳಗೇ ಇರುವ ಸಿಮ್. ಇಲ್ಲಿ ಮಾರುವ 17ರಲ್ಲಿ ಟ್ರೇ ಇದೆ. ಅವನ ನಂಬರ್ ಇದ್ದದ್ದು ಚಿಕ್ಕಪ್ಪನ ಹೆಸರಿನಲ್ಲಿ, ಚಿಕ್ಕಪ್ಪ ಇದ್ದದ್ದು ಅರಸೀಕೆರೆಯಲ್ಲಿ. ಅದನ್ನು ಇ-ಸಿಮ್‌ಗೆ ಬದಲಾಯಿಸಲು ಚಿಕ್ಕಪ್ಪ ಆಧಾರ್ ಹಿಡಿದು ರೈಲು ಹತ್ತಿ ಬಂದರು. ಒಂದು ದಿನ ಬ್ಯಾಂಕಿನ ಓಟಿಪಿ ಬರಲಿಲ್ಲ, ಕರೆಂಟ್ ಬಿಲ್ ಕಟ್ಟಲಾಗಲಿಲ್ಲ. "ಮೂವತ್ತು ಸಾವಿರ ಉಳಿಸಿದೆಯಂತಲ್ಲೋ, ನನ್ನ ರೈಲಿನ ದುಡ್ಡು ಕೊಡು" ಅಂದರು ಚಿಕ್ಕಪ್ಪ. ತಮಾಷೆಗೆ ಅಂದರೋ ನಿಜಕ್ಕೋ, ಮುಖ ನೋಡಿ ಗೊತ್ತಾಗಲಿಲ್ಲ.

ಮಗಳು ಈ ವರ್ಷ ಕಾಲೇಜು ಸೇರುತ್ತಾಳೆ. "ಮಾವಂಗೆ ಮ್ಯಾಕ್‌ಬುಕ್ ತರೋಕೆ ಹೇಳಲಾ ಅಪ್ಪಾ?" ಅಂದಳು. ಪೇಪರ್ ತೋರಿಸಿದೆ. ಜಯನಗರದ ಅಂಗಡಿಯಲ್ಲೇ ತಗೊಳ್ಳೋಣ ಅಂತಾಯಿತು. ಹಾಗಾಗಿ ಮುಂದಿನ ಸಲದ ಪಟ್ಟಿಯಲ್ಲಿ ಸದ್ಯಕ್ಕೆ ಉಳಿದಿರೋದು ಕ್ಯಾಲಿಫೋರ್ನಿಯಾ ಬಾದಾಮಿ ಒಂದೇ. ಬಾದಾಮಿಗೂ ಕಸ್ಟಮ್ಸ್ ಇದೆ. ಆ ಲೆಕ್ಕ ಹಾಕಬೇಡಿ ಅಂತ ಹೆಂಡತಿ ಪೆನ್ನು ಕಿತ್ತಿಟ್ಟಿದ್ದಾಳೆ.