ಕೋಶಪೊರೆಯ ಪಾಠ ಮೊದಲ ತಿಂಗಳಲ್ಲೇ ಮುಗಿಯಬಾರದು

ಎಂಬಿಬಿಎಸ್ ಮೊದಲ ವರ್ಷದ ಫಿಸಿಯಾಲಜಿಯಲ್ಲಿ ಕೋಶಪೊರೆಯ ಪಾಠ ಸಾಮಾನ್ಯವಾಗಿ ಆರಂಭದ ಕೆಲವೇ ತರಗತಿಗಳಲ್ಲಿ ಮುಗಿದುಹೋಗುತ್ತದೆ. ಎರಡು ಪದರ ಲಿಪಿಡ್ ಎಂಬ ಕೊಬ್ಬಿನಂಥ ವಸ್ತು, ನಡುನಡುವೆ ಪ್ರೊಟೀನ್, 1972ರಲ್ಲಿ ಸಿಂಗರ್ ಮತ್ತು ನಿಕೋಲ್ಸನ್ ಮುಂದಿಟ್ಟ ಮಾದರಿ, ಪೊರೆಯ ಮೂಲಕ ನಡೆಯುವ ಸಾಗಣೆಯ ವಿಧಗಳ ಒಂದು ಪಟ್ಟಿ. ಚಿತ್ರ ಬರೆದು ಹೆಸರು ಗುರುತಿಸಿದರೆ ಅಂಕ ಖಚಿತ. ಆಮೇಲೆ ರಕ್ತ, ನರ, ಹೃದಯ, ಮೂತ್ರಪಿಂಡ ಎಂದು ವರ್ಷವಿಡೀ ಓಟ. ಪೊರೆಯ ಮಾತನ್ನು ಮತ್ತೆ ಎತ್ತುವವರು ಕಡಿಮೆ. ಈ ವಿಷಯವನ್ನೇ ಕಲಿಸುವ ನನಗೆ ಇದು ಒಪ್ಪಿಗೆಯಿಲ್ಲ.

ಭೇದಿಯಾದವರಿಗೆ ಕುಡಿಸುವ ಓಆರ್‌ಎಸ್‌ನಲ್ಲಿ ಸಕ್ಕರೆ ಏಕಿದೆ ಎಂದು ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಕೇಳಿ ನೋಡಿ. ಸಾಗಣೆಯ ವಿಧಗಳನ್ನು ತಡವರಿಸದೆ ಒಪ್ಪಿಸಿದ ವಿದ್ಯಾರ್ಥಿಯೂ ‘ಶಕ್ತಿಗಾಗಿ ಸರ್’ ಎನ್ನುತ್ತಾನೆ. 2002ರಿಂದ ಬಳಕೆಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಒಂದು ಲೀಟರಿಗೆ ಇರುವುದು 13.5 ಗ್ರಾಂ ಗ್ಲೂಕೋಸ್. ಅದರಿಂದ ಸಿಗುವ ಶಕ್ತಿ ಒಂದು ಇಡ್ಲಿಯದಕ್ಕಿಂತ ಹೆಚ್ಚೇನಲ್ಲ. ಸಕ್ಕರೆಯ ಕೆಲಸವೇ ಬೇರೆ. ಕರುಳಿನ ಒಳಮುಖದ ಪೊರೆಯಲ್ಲಿ ಎಸ್‌ಜಿಎಲ್‌ಟಿ1 ಎಂಬ ವಾಹಕ ಪ್ರೊಟೀನ್ ಇದೆ. ಅದು ಗ್ಲೂಕೋಸ್ ಮತ್ತು ಸೋಡಿಯಂ ಎರಡನ್ನೂ ಜೊತೆಯಾಗಿಯೇ ಒಳಗೆ ಬಿಟ್ಟುಕೊಳ್ಳುತ್ತದೆ. ಹಾಗೆ ಒಳಬಂದ ಸೋಡಿಯಂ ಅನ್ನು ರಕ್ತದ ಕಡೆಯ ಪೊರೆಯಲ್ಲಿರುವ ಪಂಪ್ ಹೊರಗೆ ದಾಟಿಸುತ್ತದೆ: ಮೂರು ಸೋಡಿಯಂ ಹೊರಗೆ, ಎರಡು ಪೊಟ್ಯಾಷಿಯಂ ಒಳಗೆ, ಖರ್ಚು ಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಅಣು ಒಂದು. ಸೋಡಿಯಂ ಹೋದ ದಾರಿಯಲ್ಲೇ ನೀರೂ ಹೋಗುತ್ತದೆ.

ಕಾಲರಾದಲ್ಲಿ ಆಗುವುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಕಾಲರಾದ ವಿಷ ಕರುಳಿನ ಕೋಶಗಳಲ್ಲಿ ಕ್ಲೋರೈಡ್ ದ್ವಾರಗಳನ್ನು ತೆರೆದೇ ಇಡುವಂತೆ ಮಾಡುತ್ತದೆ, ಅದರ ಹಿಂದೆಯೇ ನೀರು ಸೋರಿಹೋಗುತ್ತದೆ. ಅಷ್ಟಾದರೂ ಎಸ್‌ಜಿಎಲ್‌ಟಿ1 ಕೆಲಸ ನಿಲ್ಲಿಸುವುದಿಲ್ಲ. ಸೋಡಿಯಂ ಮತ್ತು ಗ್ಲೂಕೋಸ್ ಒಟ್ಟಿಗೆ ಸಾಗುತ್ತವೆ ಎಂಬ ವಿಚಾರವನ್ನು ರಾಬರ್ಟ್ ಕ್ರೇನ್ 1960ರಲ್ಲಿ ಮಂಡಿಸಿದರು. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿ ಡ್ರಿಪ್ ಬಾಟಲಿಗಳು ಸಾಲದೆ ಹೋದಾಗ ಡಾ. ದಿಲೀಪ್ ಮಹಲನಬಿಸ್ ಉಪ್ಪು–ಗ್ಲೂಕೋಸ್ ಬೆರೆಸಿದ ನೀರನ್ನೇ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವಿನ ಪ್ರಮಾಣ ನಾಲ್ಕಕ್ಕಿಂತ ಕೆಳಗಿಳಿಯಿತು. ಒಂದು ಪೊರೆಯ ಒಂದು ಪ್ರೊಟೀನ್ ಉಳಿಸಿದ ಜೀವಗಳು ಇವು. ಇದನ್ನು ಹೇಳದೆ ‘ದ್ವಿತೀಯಕ ಸಕ್ರಿಯ ಸಾಗಣೆ’ ಎಂದು ಬೋರ್ಡಿನ ಮೇಲೆ ಬರೆದು ಮುಂದಕ್ಕೆ ಹೋಗಲು ನಮಗೆ ಮನಸ್ಸಾದರೂ ಹೇಗೆ ಬರುತ್ತದೆ?

ಇದೇ ಕುಟುಂಬದ ಇನ್ನೊಂದು ವಾಹಕ ಎಸ್‌ಜಿಎಲ್‌ಟಿ2 ಮೂತ್ರಪಿಂಡದಲ್ಲಿದ್ದು, ಗ್ಲೂಕೋಸ್ ಮೂತ್ರದಲ್ಲಿ ಹೋಗದಂತೆ ಮರಳಿ ಒಳಗೆ ಸೆಳೆಯುತ್ತದೆ. ಅದನ್ನು ತಡೆಯುವ ಮಾತ್ರೆಗಳನ್ನು ಇಂದು ಸಕ್ಕರೆ ಕಾಯಿಲೆಯವರಿಗೆ ಕೊಡುತ್ತಾರೆ. ಕರುಳಿನ ಪಾಠ ಸರಿಯಾಗಿ ತಲೆಗೆ ಹೋದವರಿಗೆ ಈ ಔಷಧವನ್ನು ಹೊಸದಾಗಿ ವಿವರಿಸುವ ಅಗತ್ಯವೇ ಬೀಳುವುದಿಲ್ಲ. ಹೃದಯದ ಮಾತೂ ಹಾಗೆಯೇ. ಪೊಟ್ಯಾಷಿಯಂ ಕೋಶದೊಳಗೆ ಲೀಟರಿಗೆ ಸುಮಾರು 140 ಮಿಲಿಮೋಲ್, ಹೊರಗೆ ಬರೀ 4. ಈ ಅಂತರವನ್ನು ಕಾಯುವುದೇ ಪೊರೆ ಎಂದು ಅರಿತವರಿಗೆ, ರಕ್ತದಲ್ಲಿ ಪೊಟ್ಯಾಷಿಯಂ ಏರಿದರೆ ಹೃದಯದ ಲಯ ಏಕೆ ಕೆಡುತ್ತದೆ, ಆಗ ಇನ್ಸುಲಿನ್ ಏಕೆ ಕೊಡುತ್ತಾರೆ ಎಂಬುದನ್ನು ಉರು ಹೊಡೆಯಬೇಕಾಗಿಲ್ಲ.

ಸಮಯ ಎಲ್ಲಿದೆ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಪಠ್ಯಕ್ರಮ ದೊಡ್ಡದು, ನಿಜ. ಆದರೆ ನಾನು ಹೆಚ್ಚುವರಿ ತರಗತಿ ಕೇಳುತ್ತಿಲ್ಲ. ಯಾವುದೇ ಅಂಗದ ಪಾಠ ಶುರುವಾಗುವಾಗ ಬೋರ್ಡಿನ ಮೇಲೆ ಒಂದು ಕೋಶ ಬರೆಯೋಣ. ಅದರ ಯಾವ ಮುಖದಲ್ಲಿ ಯಾವ ಪ್ರೊಟೀನ್ ಇದೆ, ಯಾವುದು ತಾನಾಗಿ ಸಾಗುತ್ತದೆ, ಯಾವುದಕ್ಕೆ ಶಕ್ತಿ ಖರ್ಚಾಗುತ್ತದೆ ಎಂದು ವಿದ್ಯಾರ್ಥಿಗಳನ್ನೇ ಕೇಳೋಣ. ಹತ್ತು ನಿಮಿಷ ಸಾಕು. ಮೊದಮೊದಲು ತರಗತಿ ಮೌನವಾಗಿರುತ್ತದೆ. ಮೂತ್ರಪಿಂಡದ ಪಾಠ ಬರುವ ಹೊತ್ತಿಗೆ ಪಂಪ್ ಯಾವ ಕಡೆ ಇರಬೇಕೆಂದು ಹಿಂದಿನ ಬೆಂಚಿನವರೇ ವಾದಕ್ಕೆ ಇಳಿದಿರುತ್ತಾರೆ.

ಪ್ರಶ್ನೆಪತ್ರಿಕೆ ಬದಲಾಗದಿದ್ದರೆ ಇದಾವುದೂ ನಿಲ್ಲುವುದಿಲ್ಲ. ‘ಪೊರೆಯ ಮೂಲಕ ಸಾಗಣೆಯ ವಿಧಗಳನ್ನು ವಿವರಿಸಿ’ ಎಂಬ ಪ್ರಶ್ನೆಯನ್ನು ಇನ್ನು ಬಿಡೋಣ. ಈ ಸಲದ ಆಂತರಿಕ ಪರೀಕ್ಷೆಗೆ ನಾನು ಕೊಡಲಿರುವ ಪ್ರಶ್ನೆ ಇದು: ‘ಭೇದಿಯಾಗುತ್ತಿರುವ ಮಗುವಿಗೆ ಬರೀ ಉಪ್ಪುನೀರು ಏಕೆ ಸಾಲದು? ಕರುಳಿನ ಕೋಶದ ಎರಡೂ ಮುಖಗಳನ್ನು ಬರೆದು ಕಾರಣ ಕೊಡಿ.’ ಬೇರೆ ಕಾಲೇಜುಗಳ ಮೇಷ್ಟ್ರುಗಳು ಇದನ್ನು ಧಾರಾಳವಾಗಿ ಬಳಸಿಕೊಳ್ಳಿ. ನರ ಮತ್ತು ಸ್ನಾಯುವಿಗೆ ಇಂಥದೇ ಪ್ರಶ್ನೆ ನಿಮ್ಮ ಬಳಿಯಿದ್ದರೆ ನನಗೂ ಕಳುಹಿಸಿ.