ಏಳು ಜನಕ್ಕೆ ಗಲ್ಲು, ಇನ್ನೇನು ಬೇಕು?

ಬಿಂಗಾರಾದಿಂದ ಸಿಡ್ನಿಗೆ ವಾಪಸ್ ಬರುವ ದಾರಿಯುದ್ದಕ್ಕೂ ತಲೆ ಬಿಸಿ. ನನ್ನ ಬಾಯಿ ನಿಮಗೆಲ್ಲ ಗೊತ್ತಿರುವುದೇ. ಆದರೂ ಕಾರಿನಲ್ಲಿ ಸುಮ್ನಿದ್ದೆ, ಪೆಟ್ರೋಲ್ ತಲೆ ಬಿಸಿ ಮಾಡಿದ ಮಹಾಶಯರದ್ದೇ ಆಗಿತ್ತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಬಿಂಗಾರಾ ನ್ಯೂ ಸೌತ್ ವೇಲ್ಸಿನ ಉತ್ತರಕ್ಕಿರುವ ಸಣ್ಣ ಊರು. ಅಲ್ಲಿಂದ ಡೆಲುಂಗ್ರಾ ದಾರಿಯಲ್ಲಿ ಒಂದಷ್ಟು ದೂರ ಹೋದರೆ ಮಯಾಲ್ ಕ್ರೀಕ್ ಸ್ಮಾರಕ ಸಿಗುತ್ತದೆ, 1838ರಲ್ಲಿ ಅಲ್ಲಿ ಕೊಲೆಯಾದ ಅಬಾರಿಜಿನಲ್ ಜನರ, ಅಂದರೆ ಆಸ್ಟ್ರೇಲಿಯಾದ ಮೂಲನಿವಾಸಿಗಳ ನೆನಪಿಗೆ. ಗುಡ್ಡದ ಮೇಲೆ ದೊಡ್ಡದೊಂದು ಬಂಡೆ. ಅದರ ಮುಂದೆ ನಿಂತು ನಮ್ಮ ಮಹಾಶಯರು ಹೇಳಿದ್ದು: "ಏನೇ ಹೇಳಿ, ಬ್ರಿಟಿಷರ ಕಾನೂನು ಕಾನೂನೇ. ಕಪ್ಪು ಜನರನ್ನು ಕೊಂದ ಬಿಳಿಯರನ್ನೇ ನೇಣಿಗೆ ಹಾಕಿದರಲ್ಲ!"

ಹಾಕಿದರು. 1838ರ ಡಿಸೆಂಬರ್ 18ರಂದು ಏಳು ಜನರನ್ನು. ಸರಿ. ಈಗ ಮಿಕ್ಕಿದ್ದನ್ನೂ ಕೇಳಿ.

ಆ ವರ್ಷ ಜೂನ್ 10, ಭಾನುವಾರ. ಹೆನ್ರಿ ಡಂಗಾರ್ ಎಂಬ ಜಮೀನುದಾರನ ದನದ ಸ್ಟೇಷನ್, ಅಂದರೆ ದನ ಸಾಕುವ ದೊಡ್ಡ ಜಮೀನು. ಗಮಿಲರಾಯ್ ಎಂಬ ಅಬಾರಿಜಿನಲ್ ಜನರಲ್ಲಿ ವಿರ್ರಯರಾಯ್ ಎಂಬ ಗುಂಪು ಕೆಲವು ವಾರಗಳಿಂದ ಅಲ್ಲೇ ಬಿಡಾರ ಹಾಕಿತ್ತು. ಗಟ್ಟಿಮುಟ್ಟಾದ ಗಂಡಸರು ಮರದ ತೊಗಟೆ ಸುಲಿಯಲು ಪಕ್ಕದ ಸ್ಟೇಷನ್ನಿಗೆ ಹೋಗಿದ್ದರು. ಇದ್ದವರು ಹೆಂಗಸರು, ಮಕ್ಕಳು, ಮುದುಕರು. ಕುದುರೆ ಮೇಲೆ ಬಂದವರನ್ನು ಕಂಡು ಎಲ್ಲರೂ ಕೆಲಸಗಾರರ ಗುಡಿಸಲಿಗೆ ಓಡಿದರು, ಕಾಪಾಡುತ್ತಾರೆ ಅಂತ. ಆ ಗುಡಿಸಲಿನಲ್ಲಿದ್ದ ಕಿಲ್ಮೀಸ್ಟರ್ ಎಂಬ ಕೆಲಸಗಾರ ಈ ಜನರ ಸ್ನೇಹಿತ, ಸಂಜೆ ಹೊತ್ತು ಅವರ ಜೊತೆ ಕುಣಿದವನು. ಅವನೂ ಕೊಲ್ಲುವವರ ಜೊತೆ ಸೇರಿಕೊಂಡ. ಎಲ್ಲರನ್ನೂ ಒಂದೇ ಹಗ್ಗಕ್ಕೆ ಕಟ್ಟಿ ಎಳೆದುಕೊಂಡು ಹೋದರು. ಸತ್ತವರು ಕನಿಷ್ಠ 28. ಹೆಚ್ಚಿನವರನ್ನು ಕತ್ತಿಯಿಂದ ಕಡಿದದ್ದು. ಆಮೇಲೆ ಹೆಣಗಳನ್ನು ಸುಟ್ಟರು.

ಕೊಂದವರು ಹನ್ನೆರಡು ಜನ. ಹನ್ನೊಂದು ಜನ ಶಿಕ್ಷೆಗೊಳಗಾಗಿ ಹಡಗಿನಲ್ಲಿ ಬಂದಿದ್ದ ಖೈದಿಗಳು ಅಥವಾ ಮಾಜಿ ಖೈದಿಗಳು. ಹನ್ನೆರಡನೆಯವನು, ಅಂದರೆ ಮುಂದಾಳು, ಜಾನ್ ಫ್ಲೆಮಿಂಗ್. ಹುಟ್ಟಿನಿಂದ ಸ್ವತಂತ್ರ, ಜಮೀನುದಾರರ ಮನೆಯ ಹುಡುಗ. ಅವನು ಸಿಕ್ಕಲೇ ಇಲ್ಲ. ಸಿಕ್ಕಲಿಲ್ಲ ಅಂದರೆ ಕಾಡಿನಲ್ಲಿ ಅಡಗಿದ್ದ ಅಂದುಕೊಳ್ಳಬೇಡಿ. ಹಾಕ್ಸ್‌ಬರಿ ನದಿ ಕಡೆ ತನ್ನವರ ನಡುವೆ ಬದುಕಿ, ಚರ್ಚಿನ ವಾರ್ಡನ್ ಆಗಿ, ಮರ್ಯಾದಸ್ಥ ರೈತ ಅನ್ನಿಸಿಕೊಂಡು, 1894ರಲ್ಲಿ ಸತ್ತ. ಹೇಳಿ, ಯಾವ ಕಾನೂನು ಸ್ವಾಮಿ ಇದು?

ಮೊದಲ ವಿಚಾರಣೆಯಲ್ಲಿ ಜ್ಯೂರಿ ಕಾಲು ಗಂಟೆ ಕೂತು ಹನ್ನೊಂದೂ ಜನರನ್ನು ಬಿಟ್ಟುಬಿಟ್ಟಿತು. ಸುಟ್ಟ ದೇಹ ಇಂಥವರದ್ದೇ ಅಂತ ಗುರುತಿಸಲು ಆಗುವುದಿಲ್ಲವಂತೆ. ಸುಟ್ಟಿದ್ದೇ ಅದಕ್ಕಲ್ವಾ! ಅಟಾರ್ನಿ ಜನರಲ್ ಪ್ಲಂಕೆಟ್ ಹಠ ಹಿಡಿದು ಏಳು ಜನರನ್ನು ಮತ್ತೆ ಕಟಕಟೆಗೆ ತಂದರು, ಒಂದು ಮಗುವಿನ ಕೊಲೆಗಾಗಿ. ಉಳಿದ ನಾಲ್ವರ ಮೇಲೆ ಸಾಕ್ಷಿ ಹೇಳಬಹುದಾಗಿದ್ದವನು ಡೇವಿ ಎಂಬ ಅಬಾರಿಜಿನಲ್ ಯುವಕ. ಆದರೆ ಅವನು ಕ್ರೈಸ್ತನಲ್ಲ, ಪ್ರಮಾಣ ಮಾಡಲಾರ, ಆದ್ದರಿಂದ ಕೋರ್ಟಿಗೆ ಅವನ ಮಾತು ಮಾತೇ ಅಲ್ಲ. ಕೊನೆಗೆ ಡೇವಿ ಕಾಣೆಯಾದ. ನಾಲ್ವರೂ ಹೊರಗೆ ಬಂದರು.

ಇನ್ನು ಡಂಗಾರ್ ಸಾಹೇಬರು. ಕೊಲೆಯನ್ನು ವರದಿ ಮಾಡಿದ ತನ್ನ ಮೇಲ್ವಿಚಾರಕ ಹಾಬ್ಸ್‌ನನ್ನು ಕೆಲಸದಿಂದ ತೆಗೆದ. ಆರೋಪಿಗಳ ವಕೀಲರಿಗೆ ಜಮೀನುದಾರರು ಚಂದಾ ಎತ್ತಿದರು. ಡಂಗಾರ್ ಮನೆತನದ ಹೆಸರಿನ ದ್ವೀಪ ಹಾಕ್ಸ್‌ಬರಿ ನದಿಯಲ್ಲಿ ಇವತ್ತಿಗೂ ಇದೆ. ನಾವೇ ಅಲ್ಲಿ ಪಿಕ್ನಿಕ್ ಮಾಡಿ ಫೋಟೋ ಹಾಕಿದ್ದೇವೆ, ಲೈಕ್ ಒತ್ತಿದವರು ನೀವೇ.

"ಆದರೂ ಗವರ್ನರ್ ಗಿಪ್ಸ್, ಪ್ಲಂಕೆಟ್ ಒಳ್ಳೆಯವರಲ್ವಾ?" ಅಂತೀರಿ. ಹೌದು, ಆ ಕಾಲಕ್ಕೆ ಅಷ್ಟು ಮಾಡಲೂ ಎದೆ ಬೇಕಿತ್ತು. ಮುಗೀತು ಹೊಗಳಿಕೆ. ಗಲ್ಲಿನ ನಂತರ ಕೊಲೆಗಳೇನು ನಿಂತವಾ? ಬಾಯಿ ಮುಚ್ಚಿಕೊಂಡು ಕೊಲ್ಲುವುದನ್ನು ಕಲಿತರು, ಅಷ್ಟೇ. ನ್ಯೂಕಾಸಲ್ ವಿಶ್ವವಿದ್ಯಾಲಯದವರು ದೇಶದ ತುಂಬ ನಡೆದ ಇಂಥ ಹತ್ಯಾಕಾಂಡಗಳ ನಕ್ಷೆ ಮಾಡಿದ್ದಾರೆ, 400ಕ್ಕೂ ಜಾಸ್ತಿ ಜಾಗ. ಮಯಾಲ್ ಕ್ರೀಕನ್ನೇ ಎಲ್ಲರೂ ಹೇಳುವುದು ಯಾಕೆಂದರೆ ಅಲ್ಲಿ ಏಳು ಜನರಿಗೆ ಶಿಕ್ಷೆ ಆಯಿತು, ಹೇಳಿಕೊಳ್ಳಲು ಸ್ವಲ್ಪ ಹಿತವಾಗಿದೆ.

ಬಿಂಗಾರಾದಲ್ಲಿ ಯುದ್ಧದಲ್ಲಿ ಸತ್ತ ಸೈನಿಕರ ನೆನಪಿಗೆ ನೆಟ್ಟ ಕಿತ್ತಳೆ ಮರಗಳ ಬೀದಿಯಿದೆ. ಊರಿನ ಮಕ್ಕಳೇ ಕೊಯ್ಯಬೇಕು, ಅಲ್ಲಿಯವರೆಗೆ ಯಾರೂ ಒಂದು ಹಣ್ಣು ಮುಟ್ಟುವುದಿಲ್ಲ. ನೋಡಿ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ವಿರ್ರಯರಾಯ್ ಜನರ ಸ್ಮಾರಕ ಏಳಲು ಮಾತ್ರ 2000ನೇ ಇಸವಿ ಬರಬೇಕಾಯಿತು. 2005ರಲ್ಲಿ ಯಾರೋ ಬಂದು ಫಲಕಗಳ ಮೇಲಿನ 'ಕೊಲೆ', 'ಹೆಂಗಸರು', 'ಮಕ್ಕಳು' ಎಂಬ ಪದಗಳನ್ನು ಹುಡುಕಿ ಹುಡುಕಿ ಜಜ್ಜಿದ್ದರು.

ಹಾಗಂತ ಊರಿನವರೆಲ್ಲ ಅಂಥವರಲ್ಲ. ಸ್ಮಾರಕ ಕಟ್ಟಿದ್ದು ಸತ್ತವರ ವಂಶದವರು ಮತ್ತು ಕೊಂದವರ ವಂಶದವರು ಸೇರಿ. ಪ್ರತಿ ಜೂನ್ ಲಾಂಗ್ ವೀಕೆಂಡಿನ ಭಾನುವಾರ ಅಲ್ಲಿ ಎಲ್ಲರೂ ಕೂಡುತ್ತಾರೆ. ಮುಂದಿನ ಸಲ ಯಾರು ಬರುತ್ತೀರೋ ಹೇಳಿ, ನನ್ನ ಕಾರಿನಲ್ಲೇ ಹೋಗೋಣ. ಚಳಿ ಜಾಸ್ತಿ, ಸ್ವೆಟರ್ ತನ್ನಿ. ಬ್ರಿಟಿಷರ ಕಾನೂನನ್ನು ಹೊಗಳುವವರು ಮಾತ್ರ ಬೇರೆ ಕಾರು ನೋಡಿಕೊಳ್ಳಿ.