ಅಭಿಪ್ರಾಯ ಕೇಳುವುದೇಕೆ, ಕೇಳಿದ ಮೇಲೆ ಬಾಯಿ ಮುಚ್ಚಿಸುವುದೇಕೆ?

ಉತ್ತರ ಬೇಡದವರು ಪ್ರಶ್ನೆ ಕೇಳಬಾರದು. ಕುಶಾಲನಗರದಿಂದ ಸೋಮವಾರಪೇಟೆಯ ಬಸ್ಸು ಹತ್ತಿದಾಗಿನಿಂದ ನನ್ನ ತಲೆಯಲ್ಲಿ ಇದೊಂದೇ ಮಾತು ಸುತ್ತುತ್ತಿದೆ. ಭಾವ ಹಾಗೆ ಮಾಡಬಾರದಿತ್ತು. ಅದೂ ಗೃಹಪ್ರವೇಶಕ್ಕೆ ಬಂದ ಅಷ್ಟು ಜನರ ಎದುರಿಗೆ, ಅದೂ ತಾವೇ ಕರೆದು ಕೂರಿಸಿ ಕೇಳಿದ ಮೇಲೆ.

"ಈಚೆಗೆ ಏನು ನೋಡಿದೆ? ಒಳ್ಳೆಯದೇನಾದರೂ ಇದ್ದರೆ ಹೇಳು, ಭಾನುವಾರ ನಾವೂ ನೋಡುತ್ತೇವೆ" ಎಂದವರು ಅವರೇ. ನಾನು 'ಸಪ್ತ ಸಾಗರದಾಚೆ ಎಲ್ಲೋ' ಚಿತ್ರದ ಎರಡೂ ಭಾಗಗಳನ್ನು ನೋಡಿ ಮುಗಿಸಿದ್ದೆ. 2023ರ ಸೆಪ್ಟೆಂಬರ್‌ನಲ್ಲಿ ಮೊದಲನೆಯದು, ನವೆಂಬರ್‌ನಲ್ಲಿ ಎರಡನೆಯದು ತೆರೆಗೆ ಬಂದಾಗ ಮೈಸೂರಿಗೆ ಹೋಗಿ ನೋಡಲು ಆಗಿರಲಿಲ್ಲ. ಈ ಮಳೆಗಾಲದಲ್ಲಿ ಮೊಬೈಲಿನಲ್ಲಿ ನೋಡಿದೆ. ಮಳೆಗಾಲದಲ್ಲಿ ನಮ್ಮ ಕಡೆ ಸಿನಿಮಾ ನೋಡುವುದೆಂದರೆ ಏನೆಂದು ಇಲ್ಲಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತಂತಿಯ ಮೇಲೆ ಸಿಲ್ವರ್ ಮರದ ಕೊಂಬೆ ಬಿದ್ದರೆ ಕರೆಂಟು ಹೋಗುತ್ತದೆ, ಅದರ ಹಿಂದೆಯೇ ಮೊಬೈಲಿನ ಸಿಗ್ನಲ್ಲೂ ಹೋಗುತ್ತದೆ. ಹಾಗಿದ್ದೂ, ನಿಂತಲ್ಲಿಂದ ಮತ್ತೆ ಹಿಂದಕ್ಕೆ ಸರಿಸಿಕೊಂಡು, ಒಂದು ದೃಶ್ಯವನ್ನೂ ಬಿಡದೆ ನೋಡಿದವಳು ನಾನು.

ಆದ್ದರಿಂದ ಹೇಳಿದೆ. ಮೊದಲ ಭಾಗ ನನಗೆ ಬಹಳ ಹಿಡಿಸಿತು, ನಾಯಕ ಮನು ಜೈಲಿನೊಳಗೆ ಕುಳಿತು ಕ್ಯಾಸೆಟ್ಟಿನಲ್ಲಿ ತನ್ನ ಪ್ರೇಯಸಿ ಪ್ರಿಯಾಳ ದನಿ ಕೇಳಿಸಿಕೊಳ್ಳುವಾಗ ಬೇರೆ ಮಾತೇ ಬೇಕಾಗುವುದಿಲ್ಲ, ಆ ಭಾಗದ ತುಂಬ ನೀಲಿ ಬಣ್ಣವಿದೆ, ಎರಡನೆಯ ಭಾಗಕ್ಕೆ ಬಂದರೆ ಎಲ್ಲವೂ ಕೆಂಪಾಗುತ್ತದೆ ಎಂದೆ. ಆದರೆ ಬಿಡುಗಡೆಯಾದ ಮನು, ಮದುವೆಯಾಗಿ ಮಗನೂ ಇರುವ ಪ್ರಿಯಾಳನ್ನು ಅವಳಿಗೆ ತಿಳಿಯದಂತೆ ಹಿಂಬಾಲಿಸುತ್ತಾನೆ, ಅವಳ ಸಂಸಾರವನ್ನು ಸರಿಪಡಿಸಲು ಹೊರಡುತ್ತಾನೆ, ಅದನ್ನು ಪ್ರೀತಿ ಎಂದು ಒಪ್ಪಿಕೊಳ್ಳಲು ನನ್ನಿಂದ ಆಗಲಿಲ್ಲ, ಯಾಕೆಂದರೆ…

ಆ 'ಯಾಕೆಂದರೆ'ಯ ಹತ್ತಿರ ಭಾವ ಟೀಪಾಯಿಯ ಮೇಲಿದ್ದ ರಿಮೋಟ್ ಎತ್ತಿಕೊಂಡರು. ನನ್ನ ಮುಖ ನೋಡುತ್ತಲೇ ಟಿವಿಯ ಸದ್ದು ಹೆಚ್ಚಿಸಿದರು. ಪರದೆಯ ಮೇಲೆ ಸದ್ದು ತೋರಿಸುವ ಹಸಿರು ಗೆರೆ ಒಂದೊಂದೇ ಹೆಜ್ಜೆ ಮುಂದಕ್ಕೆ ಹೋಗುತ್ತಿದ್ದುದು ನನ್ನ ಕಣ್ಣಿಗೆ ಈಗಲೂ ಕಟ್ಟಿದಂತಿದೆ. "ಸಾಕು ಮಾರಾಯ್ತಿ, ನಾನು ಕೇಳಿದ್ದು ಚೆನ್ನಾಗಿದೆಯಾ ಇಲ್ಲವಾ ಅಂತ. ನೀನೇನು ಸಿನಿಮಾ ತೆಗೆದವಳಾ?" ಎಂದರು. ಎಲ್ಲರೂ ನಕ್ಕರು. ಚಿಕ್ಕಮ್ಮ ನಕ್ಕರು. ಎಲೆ ಅಡಿಕೆ ಮಡಿಸುತ್ತಿದ್ದ ನನ್ನ ಅಕ್ಕನೂ, ನನ್ನ ಸ್ವಂತ ಅಕ್ಕನೂ, ತಲೆ ತಗ್ಗಿಸಿಕೊಂಡು ನಕ್ಕಳು. ನನ್ನ ಬಾಯಿ ಇನ್ನೂ ತೆರೆದೇ ಇತ್ತು.

ಅಷ್ಟಕ್ಕೇ ನಿಂತಿದ್ದರೆ ನುಂಗಿಕೊಳ್ಳುತ್ತಿದ್ದೆನೋ ಏನೋ. ಮರುಕ್ಷಣವೇ ಅವರು ತಮ್ಮ ತಂಗಿಯ ಮಗನ ಕಡೆ ತಿರುಗಿ, "ನೀನು ಹೇಳು, ನೋಡಬಹುದಾ?" ಎಂದು ಕೇಳಿದರು. ಆ ಹುಡುಗ ಮೊಬೈಲಿನಿಂದ ತಲೆಯನ್ನೂ ಎತ್ತದೆ, "ಬೋರು, ಅರ್ಧಕ್ಕೇ ಬಿಟ್ಟೆ" ಎಂದ. "ನೋಡಿ, ಹೀಗೆ ಹೇಳಬೇಕು" ಎಂದು ಭಾವ ಅವನ ಬೆನ್ನು ತಟ್ಟಿದರು. ಅರ್ಧ ನೋಡಿದವನ ಒಂದು ಪದಕ್ಕಿರುವ ಬೆಲೆ ಪೂರ್ತಿ ನೋಡಿದವಳ ಮಾತಿಗೆ ಇಲ್ಲವೆಂದರೆ ಅದು ಯಾವ ನ್ಯಾಯ? ಅವನಿಗೆ ಬೇಸರವಾಗಿದ್ದರೆ ಆಗಲಿ, ಅದು ಅವನ ಹಕ್ಕು. ನನಗೆ ಅನ್ನಿಸಿದ್ದನ್ನು ಹೇಳುವ ಹಕ್ಕು ನನಗಿಲ್ಲವೇ?

ಬಿಡಿ, ನಮ್ಮವರ ರೀತಿಯೇ ಹೀಗೆ. ಅವರಿಗೆ ಸಿನಿಮಾದಲ್ಲಿ ಬೇಕಾಗಿರುವುದು ನಮ್ಮ ಊರು ಕಾಣಿಸಿತೇ ಇಲ್ಲವೇ ಎಂಬುದೊಂದೇ. 2006ರ ಕೊನೆಯಲ್ಲಿ ಬಂದ 'ಮುಂಗಾರು ಮಳೆ'ಯ ಮಾತೆತ್ತಿದರೆ ಮಡಿಕೇರಿ, ಮಳೆ, ಕರ್ನಲ್ ಸುಬ್ಬಯ್ಯನ ಪಾತ್ರದ ಅನಂತ್ ನಾಗ್, ಅಲ್ಲಿಗೆ ಚರ್ಚೆ ಮುಗಿಯುತ್ತದೆ. ಎಪ್ಪತ್ತರ ದಶಕದ 'ಶರಪಂಜರ'ದ 'ಕೊಡಗಿನ ಕಾವೇರಿ' ಹಾಡನ್ನು ಗುನುಗದ ಮನೆ ಈ ಜಿಲ್ಲೆಯಲ್ಲಿ ಇರಲಾರದು. ಆದರೆ ಪುಟ್ಟಣ್ಣ ಕಣಗಾಲರು ಆ ಚಿತ್ರ ತೆಗೆದದ್ದು ಆ ಒಂದು ಹಾಡಿಗಾಗಿಯೇ? ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಮರಳುವ ನಾಯಕಿ ಕಾವೇರಿಯನ್ನು ಗಂಡನೂ ಸುತ್ತಲಿನವರೂ ಮತ್ತೆ ಹುಚ್ಚಿಯಂತೆಯೇ ಕಾಣುತ್ತಾರೆ. ಅವಳು ಏನು ಹೇಳಿದರೂ, ಎಷ್ಟು ಸರಿಯಾಗಿ ಹೇಳಿದರೂ, ಅದಕ್ಕೆ ಬೆಲೆಯಿಲ್ಲ. ಕಲ್ಪನಾ ಅವರ ಮುಖದಲ್ಲಿ ಆ ಅವಮಾನ ಸ್ವಲ್ಪ ಸ್ವಲ್ಪವೇ ಇಳಿಯುವುದನ್ನು ನೋಡಿ ನಾನು ಅತ್ತಿದ್ದೇನೆ. ಇದನ್ನು ಒಮ್ಮೆ ಇದೇ ಮನೆಯವರ ಎದುರು ಹೇಳಿದ್ದಕ್ಕೆ, "ಹಾಡು ಚೆನ್ನಾಗಿದೆಯಲ್ಲ, ಅಷ್ಟು ಸಾಕು" ಎಂದಿದ್ದರು. ಯಾರೆಂದು ಹೇಳಬೇಕಾಗಿಲ್ಲ.

ಇನ್ನು ಮುಂದೆ ಯಾರು ಕೇಳಿದರೂ "ಚೆನ್ನಾಗಿದೆ" ಎಂದಷ್ಟೇ ಹೇಳಿ ಸುಮ್ಮನಾಗಬೇಕು ಎಂದು ಬಸ್ಸಿನಲ್ಲಿ ತೀರ್ಮಾನಿಸಿದ್ದೆ. ಹಿರಿಯರು, ಅಕ್ಕನ ಗಂಡ, ಎದುರಾಡಿದರೆ ನಾಳೆ ಅಕ್ಕನೇ ಮಾತು ಕೇಳಬೇಕಾಗುತ್ತದೆ. ಸರಿ, ಸುಮ್ಮನಿರುತ್ತೇನೆ. ಆದರೆ ಯಾಕೆ ಸುಮ್ಮನಿರಬೇಕು? ನಾನು ಯಾರನ್ನು ಬೈದೆ? ಯಾರ ಊಟ ಕೆಡಿಸಿದೆ? ಧಾರಾವಾಹಿಯ ಸೊಸೆ ಅತ್ತೆಗೆ ಎದುರು ಹೇಳಿದ್ದು ಸರಿಯೋ ತಪ್ಪೋ ಎಂದು ಇದೇ ಮನೆಯವರ ನಡುವೆ ರಾತ್ರಿ ಊಟ ಮುಗಿಯುವವರೆಗೂ ವಾದ ನಡೆಯುತ್ತದೆ, ಭಾವನೂ ಅದರಲ್ಲಿ ದನಿ ಏರಿಸಿ ಮಾತನಾಡುತ್ತಾರೆ. ಅದು ತಪ್ಪೆಂದು ನಾನು ಎಂದೂ ಹೇಳಿಲ್ಲ, ಆ ವಾದಗಳನ್ನು ಕೂತು ಕೇಳಿದ್ದೇನೆ. ಅದೇ ತಾಳ್ಮೆಯನ್ನು ನನಗೆ ಎರಡು ನಿಮಿಷ ತೋರಿಸಿದ್ದರೆ ಯಾರ ಗಂಟು ಹೋಗುತ್ತಿತ್ತು?

ಅಲ್ಲಿ ಹೇಳಲು ಬಿಡದ್ದನ್ನು ಇಲ್ಲಿ ಹೇಳುತ್ತೇನೆ. ಯಾಕೆಂದರೆ, ಪ್ರಿಯಾಳಿಗೆ ಏನು ಬೇಕೆಂದು ಮನು ಒಮ್ಮೆಯೂ ಅವಳನ್ನು ಕೇಳುವುದಿಲ್ಲ. ಮೊದಲ ಭಾಗದಲ್ಲಿ, ಮಾಲೀಕನ ಮಗ ಮಾಡಿದ ಅಪಘಾತವನ್ನು ಮನೆಯ ಆಸೆಗೆ ತನ್ನ ತಲೆಯ ಮೇಲೆ ಹೊತ್ತುಕೊಳ್ಳುವಾಗಲೂ ನಿರ್ಧಾರ ಅವನದೇ, ಎರಡನೆಯ ಭಾಗದಲ್ಲಿಯೂ ಅವನದೇ. ಚಿತ್ರ ಇದನ್ನು ತಿಳಿದೇ ತೋರಿಸುತ್ತಿದೆಯೇ ಅಥವಾ ಅವನ ನೋವಿನ ಹಿಂದೆ ಮರೆಮಾಚುತ್ತಿದೆಯೇ ಎಂಬುದೇ ನನ್ನ ಪ್ರಶ್ನೆಯಾಗಿತ್ತು. ಎರಡೂ ಭಾಗ ಪೂರ್ತಿ ನೋಡಿದವರು ಯಾರಾದರೂ ಇದ್ದರೆ ದಯವಿಟ್ಟು ಉತ್ತರ ಕೊಡಿ. ನನ್ನ ಮಾತು ತಪ್ಪು ಎನ್ನಿ, ನೀನು ನೋಡಿದ್ದೇ ಸರಿಯಿಲ್ಲ ಎನ್ನಿ, ಎಲ್ಲಿ ತಪ್ಪಿದೆ ಎಂದು ತೋರಿಸಿ. ಎಷ್ಟು ಉದ್ದ ಬರೆದರೂ ನಾನು ಓದುತ್ತೇನೆ.